ಸ್ನ್ಯಾಪ್‌ಶಾಟ್ ಎಂಬ ಅರ್ಧ ನಕಲು

‘ಸ್ನ್ಯಾಪ್‌ಶಾಟ್’ ಎಂದೊಡನೆ ಫೋಟೊ ನೆನಪಾಗುತ್ತದೆ. ಡಿಸ್ಕಿನ ಸ್ನ್ಯಾಪ್‌ಶಾಟ್ ಹಾಗಲ್ಲ. ಲಿನಕ್ಸ್‌ನ ಎಲ್‌ವಿಎಂನಲ್ಲಿ ನೂರಾರು ಜಿಬಿಯ ವಾಲ್ಯೂಮಿಗೂ ಅದು ಕ್ಷಣದಲ್ಲಿ ಸಿದ್ಧ, ಏಕೆಂದರೆ ಆಗ ಡೇಟಾ ನಕಲಾಗುವುದೇ ಇಲ್ಲ. ಮುಂದೆ ಒಂದು ಬ್ಲಾಕಿನ ಮೇಲೆ ಹೊಸದನ್ನು ಬರೆಯುವ ಮುನ್ನ ಹಳೆಯದನ್ನು ಪಕ್ಕಕ್ಕೆ ಎತ್ತಿಡುತ್ತದೆ, ಅಷ್ಟೆ. ಬದಲಾಗದ ಬ್ಲಾಕುಗಳನ್ನು ಮೂಲದಿಂದಲೇ ಓದಬೇಕು. ಹಾಗಾಗಿ ಮೂಲ ಡಿಸ್ಕ್ ಕೆಟ್ಟರೆ ಸ್ನ್ಯಾಪ್‌ಶಾಟೂ ಹೋಯಿತು. ಎತ್ತಿಡಲು ಕೊಟ್ಟ ಜಾಗ ತುಂಬಿಹೋದರೂ ಅದು ಕೆಲಸಕ್ಕೆ ಬಾರದು.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಇಂಜಿನಿಯರೊಬ್ಬರು ಬೇರೆ ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸಿನ ಫೋಲ್ಡರನ್ನೇ ಅಳಿಸಿದರು. ಸುಮಾರು 300 ಜಿಬಿ ಹೋಯಿತು. ಬ್ಯಾಕಪ್ ಹುಡುಕಿದರೆ, ಸಾಫ್ಟ್‌ವೇರ್ ಆವೃತ್ತಿ ಹೊಂದದೆ ಅದು ಆಗುತ್ತಲೇ ಇರಲಿಲ್ಲ. ಹಾಗೆಂದು ತಿಳಿಸುವ ಇಮೇಲೂ ತಲುಪುತ್ತಿರಲಿಲ್ಲ. ಕೈಹಿಡಿದದ್ದು, ಸುಮಾರು 6 ಗಂಟೆ ಮೊದಲು ಬೇರಾವುದೋ ಪ್ರಯೋಗಕ್ಕೆಂದು ತೆಗೆದಿದ್ದ ಒಂದು ಎಲ್‌ವಿಎಂ ಸ್ನ್ಯಾಪ್‌ಶಾಟ್. ನಡುವಿನ ಗಂಟೆಗಳ ಕೆಲಸ ಮರಳಲಿಲ್ಲ. ಸುಮಾರು 5,000 ಪ್ರಾಜೆಕ್ಟುಗಳಿಗೆ ಪೆಟ್ಟು ಬಿತ್ತು.

ಅದೃಷ್ಟ ಎನ್ನಬಹುದು. ಆದರೆ ಆ ಸ್ನ್ಯಾಪ್‌ಶಾಟಿಗೆ ಎರಡು ಗುಣಗಳಿದ್ದವು: ಅದನ್ನು ಆಗಲೇ ಪರೀಕ್ಷೆಯ ಸರ್ವರಿಗೆ ಸಾಗಿಸಿಯಾಗಿತ್ತು, ಅಲ್ಲಿ ತೆರೆದೂ ಆಗಿತ್ತು. ಬ್ಯಾಕಪ್ಪನ್ನು ಮಾತ್ರ ಯಾರೂ ತೆರೆದು ನೋಡಿರಲಿಲ್ಲ.

ವಾಲ್ಯೂಮುಗಳನ್ನು ನೋಡಿಕೊಳ್ಳುವವರಿಗೆ ಇದರಲ್ಲೇ ಪಾಠವಿದೆ. ಪ್ರತಿ ಸ್ನ್ಯಾಪ್‌ಶಾಟಿಗೂ ಏಕೆ ತೆಗೆದದ್ದು, ಎಂದು ಅಳಿಸಬೇಕು ಎಂದು ಬರೆದಿಡಬೇಕು. ಜಾಗ ಎಷ್ಟು ತುಂಬಿದೆ ಎಂದು ಗಮನಿಸುತ್ತಿರಬೇಕು. ಉಳಿಸಿಕೊಳ್ಳಬೇಕಾದದ್ದನ್ನು ಬೇರೆ ಯಂತ್ರಕ್ಕೆ ಸಾಗಿಸಿ, ಆಗಾಗ ತೆರೆದು ನೋಡಬೇಕು. ಮೂಲವನ್ನು ಬಿಟ್ಟು ಹೊರಟು, ಬೇರೆಡೆ ತೆರೆದುಕೊಂಡಾಗಲೇ ಆ ಅರ್ಧ ನಕಲು ಪೂರ್ತಿಯಾಗುವುದು.