ಬ್ಯಾಂಕಾಕಿನ ಸೆಕೆಗೆ ತಕ್ಕ ಬಟ್ಟೆ

ಬ್ಯಾಂಕಾಕ್, ಏಪ್ರಿಲ್



1782ರಲ್ಲಿ ಕಟ್ಟಲು ಶುರುವಾದ ಬ್ಯಾಂಕಾಕಿನ ಅರಮನೆಗೂ ಅದರ ಆವರಣದ ವಾಟ್ ಫ್ರಾ ಕೇವ್ ದೇಗುಲಕ್ಕೂ ಹೆಗಲು, ಮೊಣಕಾಲು ಮುಚ್ಚಿದವರಿಗಷ್ಟೇ ಪ್ರವೇಶ. ತೋಳಿಲ್ಲದ ಅಂಗಿ, ಚಡ್ಡಿ, ಗಿಡ್ಡ ಲಂಗ, ಹರಿದ ಜೀನ್ಸ್, ಮೈಗಂಟಿದ ಲೆಗ್ಗಿಂಗ್ಸ್ ಎಲ್ಲಕ್ಕೂ ಬಾಗಿಲಲ್ಲೇ ತಡೆ. ಕಟ್ಟಳೆ ಗಂಡಸರಿಗೂ ಉಂಟು. ಧರ್ಮಸ್ಥಳದಲ್ಲಿ ಗಂಡಸರು ಅಂಗಿ ಬಿಚ್ಚಿ ದರ್ಶನಕ್ಕೆ ಹೋಗುತ್ತಾರೆ. ಇಲ್ಲಿ ಅಂಗಿಗೆ ತೋಳೂ ಇರಬೇಕು.

ಏಪ್ರಿಲ್ ಮಧ್ಯಾಹ್ನ ಇಲ್ಲಿ ಉಷ್ಣಾಂಶ 35 ಡಿಗ್ರಿ ದಾಟುವುದು ಮಾಮೂಲು. ಮೈ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಗಾಳಿಯೇ ಒದ್ದೆಯಾಗಿದ್ದರೆ ಬೆವರು ಆರದೆ ಬೆನ್ನ ಮೇಲೆ ಇಳಿಯುತ್ತದೆ. ಕಲಬುರಗಿಯ ಒಣ ಬಿಸಿಲಿನಲ್ಲಿ 40 ಡಿಗ್ರಿ ತಡೆದುಕೊಂಡವರೂ ಇಲ್ಲಿ ಬೇಗ ಸುಸ್ತಾಗುತ್ತಾರೆ. ಮಂಗಳೂರಿನ ಮೇ ತಿಂಗಳು ಕಂಡವರಿಗೆ ಮಾತ್ರ ಇದು ಪರಿಚಿತ ಸೆಕೆ.

ಇಂಥ ಹವೆಯಲ್ಲಿ ಬಟ್ಟೆ ಎಷ್ಟು ಮುಚ್ಚುತ್ತದೆ ಎನ್ನುವುದಕ್ಕಿಂತ, ಬಟ್ಟೆಗೂ ಮೈಗೂ ನಡುವೆ ಗಾಳಿ ಆಡುತ್ತದೆಯೇ ಎನ್ನುವುದು ದೊಡ್ಡದು. ಸಡಿಲ ಪೈಜಾಮ ತೊಟ್ಟು ನಡೆದರೆ ಪ್ರತಿ ಹೆಜ್ಜೆಗೂ ಒಳಗಿನ ಬಿಸಿಗಾಳಿ ಹೊರಬಿದ್ದು ಹೊಸ ಗಾಳಿ ಒಳಬರುತ್ತದೆ. ಬಿಸಿಲು ನೇರವಾಗಿ ಚರ್ಮಕ್ಕೆ ತಾಗದು. ಲೆಗ್ಗಿಂಗ್ಸಿಗೆ ಈ ಎರಡನೆಯ ಗುಣವೊಂದೇ ಇದೆ. ಹೀಗಾಗಿ ಕಾವಲಿನವರು ಬೇಡವೆನ್ನುವ ಬಟ್ಟೆ ಸೆಕೆಗೂ ಒಗ್ಗುವುದಿಲ್ಲ. ಅರಮನೆಯ ಎದುರು ರಾಶಿ ಹಾಕಿ ಮಾರುವ ಆನೆ ಚಿತ್ರದ ಜೋಲು ಪ್ಯಾಂಟು ನೋಡಲು ತಮಾಷೆಯಾಗಿದ್ದರೂ, ಅದಕ್ಕಿಂತ ಸರಿಯಾದ ಉಡುಪು ಸಿಗುವುದು ಕಷ್ಟ.

ಹತ್ತಿ ಬೆವರು ಹೀರುತ್ತದೆ, ಆದರೆ ದಪ್ಪ ಹತ್ತಿ ಬೇಗ ಒಣಗದು. ಒಮ್ಮೆ ತೊಯ್ದ ಟೀ ಶರ್ಟ್ ಸಂಜೆಯವರೆಗೂ ಬೆನ್ನು ಬಿಡುವುದಿಲ್ಲ. ತೆಳು ಮಲ್‌ಮಲ್ ವಾಸಿ. ಲಿನನ್ ಗರಿಗರಿಯಾಗಿ ಮೈಯಿಂದ ತುಸು ದೂರವೇ ನಿಲ್ಲುತ್ತದೆ, ಬೇಗ ಆರುತ್ತದೆ. ಸುಕ್ಕಿನ ಚಿಂತೆ ಬಿಡಬೇಕು. ಪಾಲಿಯೆಸ್ಟರ್ ಇನ್ನೂ ಬೇಗ ಒಣಗುತ್ತದೆ, ನಾತವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ತಿಳಿಬಣ್ಣ ಬಿಸಿಲಿಗೆ ಒಳ್ಳೆಯದು, ಆದರೆ ತೆಳು ಬಿಳಿ ಬಟ್ಟೆ ಬೆವರಿಗೆ ತೊಯ್ದಾಗ ಒಳಗಿನದೆಲ್ಲ ಕಾಣುತ್ತದೆ. ತಿಳಿಬಣ್ಣದ ಮೇಲೆ ಒತ್ತಾದ ಅಚ್ಚಿದ್ದರೆ ಆ ಫಜೀತಿ ಇಲ್ಲ. ನಮ್ಮ ಕಡೆಯ ಹೆಂಗಸರಿಗೆ ಸಡಿಲ ಹತ್ತಿ ಚೂಡಿದಾರವೇ ಸಾಕು.

ಋತುವಿಗೆ ತಕ್ಕ ಉಡುಪಿನ ಮರ್ಯಾದೆ ದೇವರಿಗೂ ಇದೆ. ವಾಟ್ ಫ್ರಾ ಕೇವ್ ಗುಡಿಯೊಳಗಿನ ಹಸಿರು ಕಲ್ಲಿನ ಬುದ್ಧನ ವಿಗ್ರಹ ಸುಮಾರು 66 ಸೆಂಟಿಮೀಟರ್ ಎತ್ತರದ್ದು. ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಅದರ ಚಿನ್ನದ ಉಡುಪು ಬೇರೆ ಬೇರೆ. ವರ್ಷಕ್ಕೆ ಮೂರು ಸಲ ಬದಲಿಸುವವನು ರಾಜ, ಇಲ್ಲವೇ ಅವನ ಪರವಾಗಿ ರಾಜಮನೆತನದವರು. ಮೊದಲೆರಡನ್ನು ಮಾಡಿಸಿದವನು ದೊರೆ ಒಂದನೆಯ ರಾಮ, ಚಳಿಗಾಲದ್ದನ್ನು ಮೂರನೆಯ ರಾಮ.

ಗುಡಿಯೊಳಗೆ ಪಾದರಕ್ಷೆ, ಟೋಪಿ ಎರಡೂ ತೆಗೆಯಬೇಕಾದ್ದರಿಂದ ಲೇಸಿನ ಶೂಗಿಂತ ಚಪ್ಪಲಿ ಅನುಕೂಲ. ರಾತ್ರಿ ಒಗೆದದ್ದು ಕೋಣೆಯ ಮೂಲೆಯಲ್ಲಿ ಬೆಳಗಾದರೂ ಒಣಗದು; ಫ್ಯಾನಿನ ಕೆಳಗೆ ಹರಡಬೇಕು, ಇಲ್ಲವೇ ಇನ್ನೊಂದು ಜೊತೆ ಕೈಯಲ್ಲಿರಬೇಕು.

ಇತಿ,
ತಮ್ಮ