ಕೂಗಳತೆ

ನಮ್ಮ ಶಿರಸಿ ಸೀಮೆಯಲ್ಲಿ ದೂರವನ್ನು ಅಳೆಯಲು ಮೈಲಿಗಲ್ಲಿಗಿಂತ ಹಳೆಯದೊಂದು ಮಾನವಿದೆ, ಅದು ಕೂಗಳತೆ. ಅಂಗಳದಲ್ಲಿ ನಿಂತು ‘ಕೂ’ ಎಂದರೆ ಅಡಿಕೆ ತೋಟದಾಚೆಯ ಮನೆಗೆ ಕೇಳಬೇಕು. ಹುಲಗೋಳದ ನಮ್ಮ ಮನೆಯೊಳಗೆ ಹಾವು ಹೊಕ್ಕರೂ ಸರಿ, ಕೊಟ್ಟಿಗೆಯಲ್ಲಿ ದನ ಬಿದ್ದರೂ ಸರಿ, ಮೊದಲು ಆಗುತ್ತಿದ್ದುದು ಕೂಗು. ಕೂಗಿದರೆ ಜನ ಬರುತ್ತಾರೆಂಬುದರಲ್ಲಿ ನಮಗೆ ಸಂಶಯವಿರಲಿಲ್ಲ.

2014ರ ಶ್ರಾವಣದ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂದಾಗಲೂ ಜನ ಬಂದರು. ಶಿರಸಿಗೆ ಒಯ್ದೆವು. ಅಲ್ಲಿ ನೋಡಿ, ಹುಬ್ಬಳ್ಳಿಗೆ ಒಯ್ಯಿರೆಂದರು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಮುಂಡಗೋಡ ತಲುಪುವ ಹೊತ್ತಿಗೆ ನಾನು ಹಿಡಿದಿದ್ದ ಕೈ ತಣ್ಣಗಾಗಿತ್ತು. ‘ಆಯುಷ್ಯ ಅಷ್ಟೇ’ ಎಂದರು ಊರಿನವರು. ನಾನೂ ಹಾಗೆಂದೇ ಸಮಾಧಾನ ಮಾಡಿಕೊಂಡೆ.

2019ರ ಜೂನ್ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಅಣ್ಣನ ಮಗ ಕೊಡೆ ಹಿಡಿದು ಸೊಪ್ಪಿನ ಬೆಟ್ಟ ಹತ್ತಲು ಹೊರಟಿದ್ದ. ಮೊಬೈಲಿಗೆ ಸಿಗ್ನಲ್ ಸಿಕ್ಕುವುದು ಅಲ್ಲಿ ಮಾತ್ರ. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಜಿಲ್ಲೆಯ ಹುಡುಗ ಹುಡುಗಿಯರು ಟ್ವಿಟರಿನಲ್ಲಿ ಒಟ್ಟಾಗಿ ಬರೆಯುವವರಿದ್ದರು.

ಮೇಷ್ಟರಿಗೆ ಉಪದೇಶ ಮಾಡದೆ ಊಟ ಸೇರುವುದಿಲ್ಲ. “1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಕಡೆಯ ಯುವಕರು ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರಪ್ಪ. 38 ದಿನ ಅಪ್ಪುಗೆ ಬಿಡಲಿಲ್ಲ. ನೀವು ಬೆರಳಿನಲ್ಲಿ ಏನನ್ನು ಅಪ್ಪಿಕೊಳ್ಳುತ್ತೀರಿ?” ಎಂದೆ.

“ಅವರ ಎದುರಿಗೆ ಮರವಿತ್ತು, ಅಪ್ಪಚ್ಚಿ. ಇಲ್ಲದ ಆಸ್ಪತ್ರೆಯನ್ನು ಹೇಗೆ ಅಪ್ಪಿಕೊಳ್ಳುವುದು?” ಎಂದವನು ತಾನು ಬರೆದದ್ದನ್ನು ತಿದ್ದಿಕೊಡೆಂದು ಮೊಬೈಲನ್ನು ನನ್ನ ಕೈಗಿಟ್ಟ. ಎರಡೇ ವಾಕ್ಯಗಳಿದ್ದುವು: ‘ನಮ್ಮ ಅಜ್ಜ ಮುಂಡಗೋಡದ ಹತ್ತಿರ ತೀರಿಕೊಂಡರು. ಹುಬ್ಬಳ್ಳಿಯ ಆಸ್ಪತ್ರೆ ಇನ್ನೂ ಒಂದು ತಾಸಿನ ದಾರಿಯಾಚೆ ಇತ್ತು.’

ಹದಿನೈದು ವರ್ಷ ಕನ್ನಡ ಪಾಠ ಹೇಳಿದವನಿಗೆ ತಿದ್ದಲು ಏನೂ ಸಿಗಲಿಲ್ಲ. ನಾವು ಆಯುಷ್ಯವೆಂದು ಕರೆದದ್ದನ್ನು ಹುಡುಗ ದೂರವೆಂದು ಕರೆದಿದ್ದ. ಆಯುಷ್ಯಕ್ಕಾದರೆ ದೇವರು ಹೊಣೆ. ದೂರಕ್ಕೆ ಹೊಣೆಗಾರರು ಬೇರೆ ಇದ್ದಾರೆ. ಅವನ ಹಿಂದೆ ನಾನೂ ಬೆಟ್ಟ ಹತ್ತಿದೆ.

ಅಂದಿನ ಕೂಗು ಬೆಂಗಳೂರನ್ನು ಮುಟ್ಟಿತು. ಆದರೆ ಮುಟ್ಟಿದ ಕೂಗೆಲ್ಲ ಮನಸ್ಸಿಗೆ ನಾಟುವುದಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕುಂದಾಪುರದ ಕಡೆಗೆ ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲಿನಲ್ಲಿ ಮಗುಚಿ, ನಾಲ್ವರು ಸತ್ತರು. ಹುಡುಗರು ಮತ್ತೆ ಎದ್ದರು. ಆಸ್ಪತ್ರೆಯಿಲ್ಲದಿದ್ದರೆ ಮತವೂ ಇಲ್ಲವೆಂದರು. ಭರವಸೆಗಳು ಬಂದುವು. ಭರವಸೆಯ ಮೇಲೆ ರೋಗಿಯನ್ನು ಮಲಗಿಸಲಾಗುವುದಿಲ್ಲ.

ಬೆರಳಿನ ಕೂಗು ಬಲುದೂರ ಹೋಗುತ್ತದೆ, ಬೇಗ ಮರೆತೂ ಹೋಗುತ್ತದೆ. ಸಾಲ್ಕಣಿಯವರಿಂದ ಇಂದಿನ ಹುಡುಗರು ಕಲಿಯಬೇಕಾದದ್ದು ಆ 38 ದಿನಗಳನ್ನು. ಕೂಗಿದವನು ಜನ ಬರುವ ತನಕ ಅಂಗಳದಲ್ಲೇ ನಿಂತಿರಬೇಕೆಂಬುದು ನಮ್ಮ ಕಡೆಯ ರೂಢಿ. ಹುಡುಗರು ಕೂಗಿದ್ದಾರೆ, ಅಷ್ಟು ಹೊತ್ತು ಅವರ ಜೊತೆಯಲ್ಲಿ ನಿಲ್ಲುವ ಕೆಲಸ ನನ್ನಂಥವರದು.