ಒಂದೇ ತೂತು, ಎರಡು ಕೆಲಸ

ನನ್ನ ಫೂಫಿಯ ಮಗಳನ್ನು ನಾನು ಆಪಾ ಎಂದು ಕರೆಯುತ್ತೇನೆ. ಅವರು ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೊ ಮತ್ತು ವಿಡಿಯೊ ತೆಗೆಯುತ್ತಾರೆ. ನಮ್ಮ ಚನ್ನಪಟ್ಟಣದಲ್ಲಿ ಗಂಡಸರ ಕಡೆ ಫೋಟೊ ತೆಗೆಯಲು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಹೆಂಗಸರ ಹಾಲ್‌ಗೆ ಹೆಂಗಸೇ ಬರಬೇಕು ಎನ್ನುವ ಮನೆಗಳೂ ಇವೆ. ಆ ಮನೆಗಳಿಂದ ಆಪಾಗೆ ಫೋನ್ ಬರುತ್ತದೆ. ದೂಲ್ಹಾಭಾಯಿ ತೀರಿಕೊಂಡ ಮೇಲೆ ಅವರು ಸಂಘದಲ್ಲಿ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಕ್ಯಾನನ್ 1500ಡಿ ಕ್ಯಾಮೆರಾ ಕೊಂಡರು. ಇರುವುದು ಅದೊಂದೇ. ಅದು ಕೆಳಗೆ ಬಿದ್ದರೆ ಮಗನ ಸ್ಕೂಲ್ ಫೀಸೂ ಅದರ ಜೊತೆ ಬೀಳುತ್ತದೆ. ಈ ಮಾತು ನನ್ನದಲ್ಲ, ಆಪಾ ಅವರದೇ.

ರಜೆ ದಿನಗಳಲ್ಲಿ ನಾನು ಅವರ ಜೊತೆ ಹೋಗುತ್ತೇನೆ. ಬ್ಯಾಗ್ ಹೊರುವುದು, ಲೈಟ್ ಹಿಡಿಯುವುದು, ಟ್ರೈಪಾಡ್ ನಿಲ್ಲಿಸುವುದು, ಮಕ್ಕಳು ಟ್ರೈಪಾಡ್ ಕಾಲು ಎಡವದಂತೆ ಕಾಯುವುದು ನನ್ನ ಕೆಲಸ. ಲೆಕ್ಕ ಬರೆಯುವುದೂ ನನ್ನದೇ. ಕಾಮರ್ಸ್ ಓದುವ ಹುಡುಗಿ ಮನೆಯಲ್ಲಿದ್ದರೆ ಎಲ್ಲರ ಲೆಕ್ಕವೂ ಅವಳ ತಲೆಗೇ ಬರುತ್ತದೆ, ಇದು ನಮ್ಮ ಕ್ಲಾಸಿನವರಿಗೆ ಗೊತ್ತಿರುವ ವಿಷಯ.

ಕ್ಯಾಮೆರಾ ಜೊತೆ ಕಂಪನಿಯವರು ಕೊಟ್ಟ ಪಟ್ಟಿ ಕುತ್ತಿಗೆಗೆ ಹಾಕಿಕೊಳ್ಳುವಂಥದ್ದು. ಕ್ಯಾಮೆರಾದ ಎಡಕ್ಕೂ ಬಲಕ್ಕೂ ಇರುವ ಎರಡು ಕಿವಿಗಳಿಗೆ ಅದನ್ನು ಪೋಣಿಸಬೇಕು. ಕ್ಯಾಮೆರಾ, ಲೆನ್ಸ್, ಮೇಲೊಂದು ಫ್ಲ್ಯಾಶ್ ಸೇರಿದರೆ ತೂಕ ಒಂದು ಕೆಜಿ ದಾಟುತ್ತದೆ. ಒಂದು ಕೆಜಿ ಸಕ್ಕರೆ ಪೊಟ್ಟಣ ಕೈಯಲ್ಲಿ ಹಿಡಿದರೆ ಏನೂ ಅನ್ನಿಸುವುದಿಲ್ಲ. ಅದನ್ನೇ ಆರು ಗಂಟೆ ಕುತ್ತಿಗೆಗೆ ಕಟ್ಟಿಕೊಂಡು ನೋಡಿ. ಇನ್ನೊಂದು ತೊಂದರೆ, ಪಟ್ಟಿ ದುಪಟ್ಟಾದ ಪಿನ್ನಿಗೆ ಸಿಕ್ಕಿಕೊಳ್ಳುತ್ತದೆ. ಮೆಹಂದಿ ಹಾಕಿದ ಕೈಯ ಫೋಟೊಗೆ ಬಗ್ಗಿದರೆ ಕ್ಯಾಮೆರಾ ಮುಂದಕ್ಕೆ ತೂಗಿ ಹಸಿ ಮೆಹಂದಿಗೇ ಹೋಗಿ ತಾಗುತ್ತದೆ. ಒಂದು ಮನೆಯಲ್ಲಿ ಹಾಗೆ ತಾಗುವುದು ಕೂದಲೆಳೆಯಲ್ಲಿ ತಪ್ಪಿತು. ಆ ದಿನವೇ ಆಪಾ ಸ್ಲಿಂಗ್ ಪಟ್ಟಿ ತರಿಸಿದರು.

ಸ್ಲಿಂಗ್ ಎಂದರೆ ಎಡ ಭುಜದಿಂದ ಬಲ ಸೊಂಟಕ್ಕೆ ಅಡ್ಡವಾಗಿ ಬರುವ ಪಟ್ಟಿ, ನಾವು ಕಾಲೇಜ್ ಬ್ಯಾಗ್ ಅಡ್ಡ ಹಾಕಿಕೊಂಡ ಹಾಗೆ. ಕ್ಯಾಮೆರಾ ಸೊಂಟದ ಹತ್ತಿರ ತಲೆಕೆಳಗಾಗಿ ನೇತಾಡುತ್ತದೆ. ಬೇಕಾದಾಗ ಹಿಡಿದು ಎತ್ತಿದರೆ ಕೊಂಡಿ ಪಟ್ಟಿಯ ಮೇಲೆ ಜಾರಿ ಮೇಲೆ ಬರುತ್ತದೆ, ಪಟ್ಟಿ ಮಾತ್ರ ಭುಜದಲ್ಲೇ ಇರುತ್ತದೆ. ಭಾರ ಕುತ್ತಿಗೆ ಬಿಟ್ಟು ಬೆನ್ನಿಗೆ ಹಂಚಿಹೋಗುತ್ತದೆ. ಆಪಾಗೆ ಮೊದಲ ದಿನವೇ ಇಷ್ಟವಾಯಿತು. ಆದರೆ ಆ ಕೊಂಡಿಯನ್ನು ಕ್ಯಾಮೆರಾಗೆ ಸೇರಿಸುವ ಸ್ಕ್ರೂ ಹೋಗುವುದು ಕ್ಯಾಮೆರಾದ ತಳದಲ್ಲಿರುವ ತೂತಿಗೆ. ಟ್ರೈಪಾಡಿಗೆ ಬೇಕಾಗಿರುವುದೂ ಅದೇ ತೂತು.

ಆ ತೂತಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ನನಗೆ ಅದು ಬಹಳ ಹಿಡಿಸಿತು. ಅದರ ಅಗಲ ಕಾಲು ಇಂಚು. ಒಂದು ಇಂಚಿಗೆ 20 ಸುತ್ತು. ಜಪಾನಿನ ಕ್ಯಾಮೆರಾ ಇರಲಿ, ಜರ್ಮನಿಯ ಕ್ಯಾಮೆರಾ ಇರಲಿ, ಸಾಮಾನ್ಯವಾಗಿ ಇದೇ ಅಳತೆ. ದೊಡ್ಡ ಸಾಮಾನುಗಳಿಗೆ ಇನ್ನೊಂದು ಅಳತೆ ಇದೆ, ಇಂಚಿನ ಎಂಟರಲ್ಲಿ ಮೂರು ಭಾಗ, ಇಂಚಿಗೆ 16 ಸುತ್ತು. ಎರಡಕ್ಕೂ ಐಎಸ್‌ಒ 1222 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಜಗತ್ತಿನ ಬಹುಪಾಲು ಮಿಲಿಮೀಟರಿನಲ್ಲಿ ಅಳೆಯುತ್ತಿದ್ದರೂ ಈ ಚಿಕ್ಕ ತೂತು ಇಂಚಿನಲ್ಲೇ ಉಳಿದಿದೆ. ಒಂದು ಇಂಚು 25.4 ಮಿಲಿಮೀಟರ್. ಅದನ್ನು 20ರಿಂದ ಭಾಗಿಸಿದರೆ 1.27. ಅಂದರೆ ಸ್ಕ್ರೂ ಒಂದು ಸುತ್ತು ತಿರುಗಿದರೆ ಒಳಗೆ ಹೋಗುವುದು 1.27 ಮಿಲಿಮೀಟರ್. ನಾಲ್ಕು ಸುತ್ತಿಗೆ ಸುಮಾರು ಐದು ಮಿಲಿಮೀಟರ್. ಒಂದು ಕೆಜಿಗೂ ಹೆಚ್ಚಿನ ಭಾರ, ಸಂಘದ ಸಾಲ, ಎಲ್ಲವೂ ಆ ನಾಲ್ಕು ಸುತ್ತಿನ ಮೇಲೆ ನೇತಾಡುತ್ತಿತ್ತು. ನಮ್ಮ ಮನೆಯ ಉರ್ದುವಿನಲ್ಲಿ ಸ್ಕ್ರೂವಿನ ಸುತ್ತಿಗೆ ಚೂಡಿ ಎನ್ನುತ್ತಾರೆ. ಬಳೆಗೂ ಚೂಡಿ ಎಂದೇ ಹೆಸರು. ಆಪಾ ನಗುತ್ತಾ, "ನಾಲ್ಕು ಚೂಡಿ ನಂಬಿಕೊಂಡು ಬದುಕ್ತಿದೀನಿ ನೋಡು" ಎಂದಿದ್ದರು.

ಈ ಒಂದೇ ತೂತಿನ ತೊಂದರೆ ಎಲ್ಲಕ್ಕಿಂತ ಹೆಚ್ಚು ಗೊತ್ತಾಗುವುದು ನಿಕಾಹ್ ಹೊತ್ತಿನಲ್ಲಿ. ವಕೀಲರು ಇಬ್ಬರು ಸಾಕ್ಷಿಗಳ ಜೊತೆ ಮದುಮಗಳ ಹತ್ತಿರ ಬಂದು ಅವಳ ಒಪ್ಪಿಗೆ ಕೇಳುತ್ತಾರೆ. ಇದನ್ನು ನೋಡದ ಸ್ನೇಹಿತರಿಗಾಗಿ ಹೇಳುತ್ತೇನೆ: ಇಲ್ಲಿ ವಕೀಲ ಎಂದರೆ ಕೋರ್ಟಿನವರಲ್ಲ, ಹುಡುಗಿಯ ಪರವಾಗಿ ಮಾತು ಒಯ್ಯುವ ಹಿರಿಯರು. ಹುಡುಗನ ಹೆಸರು, ಮೆಹರ್ ಎಷ್ಟು ಎಂದು ಹೇಳಿ, ಕಬೂಲ್ ಇದೆಯಾ ಎಂದು ಕೇಳುತ್ತಾರೆ. ಹುಡುಗಿ ಹೂಂ ಎನ್ನುತ್ತಾಳೆ, ಸಹಿ ಹಾಕುತ್ತಾಳೆ. ಎಲ್ಲ ಸೇರಿ ಎರಡು ಮೂರು ನಿಮಿಷ. ಮತ್ತೊಮ್ಮೆ ಮಾಡಿ ಎಂದು ಕೇಳುವಂಥದ್ದಲ್ಲ. ಆ ಹೊತ್ತಿನಲ್ಲಿ ಕೋಣೆಯೊಳಗೆ ಗಂಡಸರು ಬಂದಿರುವುದರಿಂದ ಹೆಂಗಸರೆಲ್ಲ ಗೋಡೆಗೆ ಸರಿದಿರುತ್ತಾರೆ, ಕ್ಯಾಮೆರಾ ಹಿಡಿದು ಮಧ್ಯೆ ಓಡಾಡುವುದು ಚೆನ್ನಾಗಿರುವುದಿಲ್ಲ. ಅದಕ್ಕೇ ಆಪಾ ಮನೆಯವರ ಅನುಮತಿ ಕೇಳಿ ಕ್ಯಾಮೆರಾವನ್ನು ಮೂಲೆಯಲ್ಲಿ ಟ್ರೈಪಾಡಿನ ಮೇಲೆ ಇಟ್ಟು ವಿಡಿಯೊ ಹಚ್ಚಿ ದೂರ ನಿಲ್ಲುತ್ತಾರೆ. ವಕೀಲರು ಹೊರಟ ಕೂಡಲೇ ಕ್ಯಾಮೆರಾ ತೆಗೆದು ಹುಡುಗಿಯ ಮುಖ, ತಾಯಿಯ ಮುಖ ಹತ್ತಿರದಿಂದ ಹಿಡಿಯಬೇಕು. ಆ ಅಳು ಬರುವುದು ಆಗಲೇ.

ಸ್ಲಿಂಗ್ ಬಂದ ಮೇಲೆ ಏನಾಯಿತೆಂದರೆ, ವಕೀಲರು ಬರುತ್ತಿದ್ದಾರೆ ಎಂಬ ಸುದ್ದಿ ಬಂದ ಮೇಲೆ ಕೊಂಡಿಯ ಸ್ಕ್ರೂ ಬಿಚ್ಚಬೇಕು, ಟ್ರೈಪಾಡಿನ ಪ್ಲೇಟನ್ನು ಅದೇ ತೂತಿಗೆ ಹಾಕಬೇಕು, ನಾಣ್ಯದಿಂದ ಬಿಗಿ ಮಾಡಬೇಕು, ಆಮೇಲೆ ಟ್ರೈಪಾಡಿಗೆ ಕೂರಿಸಬೇಕು. ಮನೆಯಲ್ಲಿ ಮೊಬೈಲ್ ಇಟ್ಟುಕೊಂಡು ಅಳೆದೆ, 70 ಸೆಕೆಂಡ್ ಆಯಿತು. ಮತ್ತೆ ಸ್ಲಿಂಗಿಗೆ ಬರಲು ಅಷ್ಟೇ. ಮೂರು ನಿಮಿಷದ ನಿಕಾಹಿಗೆ ಎರಡು ನಿಮಿಷ ದಾಟುವ ಸ್ಕ್ರೂ ಕೆಲಸ!

ನಾನು ಪರಿಹಾರ ಹುಡುಕಲು ಕೂತೆ. ಮೊದಲು ಸಿಕ್ಕಿದ್ದು ಖರ್ಚಿಲ್ಲದ ದಾರಿ: ತಳದ ತೂತನ್ನು ಟ್ರೈಪಾಡಿಗೇ ಬಿಟ್ಟು, ಸ್ಲಿಂಗಿನ ಕೊಂಡಿಯನ್ನು ಪಕ್ಕದ ಒಂದು ಕಿವಿಗೆ ಹಾಕುವುದು. ಹಗುರ ಕ್ಯಾಮೆರಾಗೆ ಇದು ಸಾಕು. ನಮ್ಮದರಲ್ಲಿ ಫ್ಲ್ಯಾಶ್ ಸೇರಿ ಭಾರವೆಲ್ಲ ಒಂದೇ ಕಿವಿಗೆ ಬಿದ್ದು, ಕ್ಯಾಮೆರಾ ಓರೆಯಾಗಿ ತೊಡೆಗೆ ಬಡಿಯುತ್ತಿತ್ತು, ಎತ್ತುವಾಗ ಕೊಂಡಿ ಬೆರಳಿಗೆ ಅಡ್ಡ ಬರುತ್ತಿತ್ತು. ಆಪಾ "ನಕ್ಕೋ" ಎಂದರು. ನಮ್ಮ ಮನೆಯಲ್ಲಿ ನಕ್ಕೋ ಎಂದ ಮೇಲೆ ಮಾತು ಮುಗಿಯಿತು.

ಎರಡನೆಯದು, ಟ್ರೈಪಾಡ್ ಪ್ಲೇಟ್ ಯಾವಾಗಲೂ ಕ್ಯಾಮೆರಾದಲ್ಲೇ ಇರಲಿ, ಪ್ಲೇಟಿನ ಸ್ಕ್ರೂವಿಗೆ ಇರುವ ಮಡಚುವ ತಂತಿ ಬಳೆಗೆ ಸ್ಲಿಂಗ್ ಕೊಂಡಿ ಹಾಕೋಣ ಎಂಬುದು. ಅಬ್ಬಾ ಆ ಪ್ಲೇಟನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಅವರು ಗೊಂಬೆ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಾರೆ. ಆಲೆ ಮರ ಕಡೆಯುವುದು, ತಿರುಗುವ ಮರಕ್ಕೆ ಅರಗು ಒತ್ತಿ ಬಣ್ಣ ಹತ್ತಿಸುವುದು ಅವರ ದಿನದ ಕೆಲಸ, ತಿರುಗುವ ವಸ್ತುಗಳ ವಿಷಯದಲ್ಲಿ ಅವರ ಮಾತನ್ನು ನಾವು ಕೇಳುತ್ತೇವೆ. "ಈ ತಂತಿ ಎರಡು ಸಣ್ಣ ತೂತಿಗೆ ಸಿಕ್ಕಿಸಿರೋದು ಅಷ್ಟೇ. ಬೆರಳಲ್ಲಿ ಸ್ಕ್ರೂ ತಿರುಗಿಸೋಕೆ ಮಾಡಿದ್ದಾರೆ, ಭಾರ ತೂಗಿಸೋಕಲ್ಲ" ಎಂದರು.

ಆಮೇಲೆ ಅವರು ಸ್ಲಿಂಗಿನ ಹಳೆ ಕೊಂಡಿಯನ್ನೂ ಕೇಳಿ ಪಡೆದರು. ಅದು ಅದರ ಅಕ್ಷದ ಮೇಲೆ ಸುಮ್ಮನೆ ತಿರುಗುವಂತಿರಬೇಕು, ಆಗ ಕ್ಯಾಮೆರಾ ತಿರುಗಿದರೂ ಸ್ಕ್ರೂ ತಿರುಗುವುದಿಲ್ಲ. ಆದರೆ ನಮ್ಮ ಕೊಂಡಿಯ ಸಂದಿಯಲ್ಲಿ ದುಪಟ್ಟಾದ ಜರಿ ಎಳೆ ಸುತ್ತಿಕೊಂಡು ಅದು ಹಿಡಿದುಕೊಂಡಿತ್ತು. ಹಾಗಾದಾಗ ನಡೆಯುವ ಪ್ರತಿ ಹೆಜ್ಜೆಗೂ ಕ್ಯಾಮೆರಾ ತೂಗಿ, ಆ ತೂಗಾಟ ನೇರ ಸ್ಕ್ರೂವಿಗೆ ಹೋಗುತ್ತದೆ. ಕ್ಯಾಮೆರಾದಲ್ಲಿ ಕೊಂಡಿ ಎಷ್ಟು ಬಿಗಿ ಇದೆ ಎಂದು ಅಬ್ಬಾ ಎರಡು ಬೆರಳಿನಲ್ಲಿ ಮುಟ್ಟಿ ನೋಡಿದರು, ಅದು ಅರ್ಧ ಸುತ್ತು ಸಡಿಲವಾಗಿತ್ತು. ಹಿಂದಿನ ರಾತ್ರಿ ಆಪಾ ಅದೇ ಕ್ಯಾಮೆರಾ ತೂಗಿಕೊಂಡು ಮೆಟ್ಟಿಲು ಹತ್ತಿಳಿದಿದ್ದರು. ಯಾರೂ ಏನೂ ಮಾತಾಡಲಿಲ್ಲ. ಅಮ್ಮಿ ಎದ್ದು ಹೋಗಿ ಚಹಾ ಇಟ್ಟರು.

ಕೊನೆಗೆ ನಾವು ಆರಿಸಿದ್ದು ಆರ್ಕಾ ಮಾದರಿಯ ಉದ್ದ ಪ್ಲೇಟ್. ಆರ್ಕಾ ಸ್ವಿಸ್ ಎಂಬ ಕಂಪನಿಯಿಂದ ಬಂದ ಹೆಸರು, ಈಗ ಬೇರೆ ಬೇರೆಯವರೂ ಆ ಮಾದರಿಯಲ್ಲಿ ಮಾಡುತ್ತಾರೆ. ಪ್ಲೇಟಿನ ಎರಡು ಅಂಚು ಇಳಿಜಾರಾಗಿ ಕೊರೆದಿರುತ್ತವೆ. ಟ್ರೈಪಾಡ್ ಮೇಲಿನ ಹಿಡಿಕೆ ಆ ಅಂಚುಗಳನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತದೆ. ಹಿಡಿಕೆಗೆ ಪ್ಲೇಟಿನ ಮಧ್ಯಭಾಗ ಮಾತ್ರ ಸಾಕು. ಉಳಿದ ತುದಿ ಹೊರಗೆ ಚಾಚಿರುತ್ತದೆ, ಆ ತುದಿಯಲ್ಲಿ ಪಟ್ಟಿ ಪೋಣಿಸಲು ತೂತು ಕೊರೆದಿರುತ್ತಾರೆ. ಅಂದರೆ ಕ್ಯಾಮೆರಾದ ತೂತಿಗೆ ಹೋಗುವುದು ಪ್ಲೇಟಿನ ಸ್ಕ್ರೂ ಒಂದೇ, ಅದನ್ನು ಬಿಚ್ಚುವ ಪ್ರಶ್ನೆಯೇ ಇಲ್ಲ. ಸ್ಲಿಂಗ್ ಪ್ಲೇಟಿನ ತುದಿಗೆ, ಟ್ರೈಪಾಡ್ ಪ್ಲೇಟಿನ ನಡುವಿಗೆ.

ನಮ್ಮ ಟ್ರೈಪಾಡಿನ ತಲೆ ಮಾತ್ರ ಬೇರೆ ಜಾತಿಯದು, ಅದರದೇ ಚೌಕ ಪ್ಲೇಟ್ ಕೇಳುತ್ತದೆ. ಹೊಸ ತಲೆ ಕೊಳ್ಳುವಷ್ಟು ದುಡ್ಡಿರಲಿಲ್ಲ. ಅದರ ಚೌಕ ಪ್ಲೇಟಿನ ಮೇಲೆಯೇ ಒಂದು ಆರ್ಕಾ ಹಿಡಿಕೆಯನ್ನು ಸ್ಕ್ರೂ ಹಾಕಿ ಶಾಶ್ವತವಾಗಿ ಕೂರಿಸಿದೆವು. ಹಿಡಿಕೆ, ಪ್ಲೇಟ್ ಎರಡೂ ಸೇರಿ 1,150 ರೂಪಾಯಿ. ಇದು ಕ್ಯಾಪಿಟಲ್ ಖರ್ಚೇ, ರೆವೆನ್ಯೂ ಖರ್ಚೇ ಎಂದು ನಾನು ಅಕೌಂಟೆನ್ಸಿ ಮೇಡಂ ಹತ್ತಿರ ಕೇಳಿದೆ. ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಅವರು ತಿರುಗಿ ಕೇಳಿದರು. ಆಪಾ ಬಾಳಿಸಿದಷ್ಟು ವರ್ಷ ಎಂದೆ. ಕ್ಯಾಪಿಟಲ್ ಎಂದು ಬರೆದುಕೊಂಡಿದ್ದೇನೆ.

ಪ್ಲೇಟ್ ಕೊಳ್ಳುವವರು ಎರಡು ವಿಷಯ ನೋಡಿಕೊಳ್ಳಬೇಕು. 1500ಡಿಯಲ್ಲಿ ಬ್ಯಾಟರಿಯೂ ಮೆಮೊರಿ ಕಾರ್ಡೂ ತಳದ ಒಂದೇ ಬಾಗಿಲಿನೊಳಗೆ ಇವೆ, ಬಲಗೈ ಹಿಡಿಯುವ ಕಡೆ. ಪ್ಲೇಟಿನ ಉದ್ದ ತುದಿ ಆ ಕಡೆ ಬಂದರೆ ಬಾಗಿಲು ತೆರೆಯುವುದಿಲ್ಲ, ಕಾರ್ಡ್ ಬದಲಿಸಲು ಪ್ಲೇಟನ್ನೇ ಬಿಚ್ಚಬೇಕಾಗುತ್ತದೆ. ಆದ್ದರಿಂದ ಉದ್ದ ತುದಿ ಎಡಕ್ಕೆ ಇರಬೇಕು. ಇನ್ನೊಂದು, ಸ್ಕ್ರೂ ಜಾಸ್ತಿ ಉದ್ದ ಇರಬಾರದು. ತೂತಿನ ತಳಕ್ಕೆ ಒತ್ತಿ ತಿರುಗಿಸಿದರೆ ಕ್ಯಾಮೆರಾಗೇ ಏಟು.

ಭಾರ ಈಗ ಪ್ಲೇಟಿನ ತುದಿಯಿಂದ ಎಳೆಯುವುದರಿಂದ ಪ್ಲೇಟ್ ತಿರುಗಿಕೊಳ್ಳುವ ಸಾಧ್ಯತೆ ಹೆಚ್ಚು ಎಂದು ಅಬ್ಬಾ ಹೇಳಿದರು. ಸ್ಪ್ಯಾನರಿನ ಹಿಡಿ ಉದ್ದವಾದಷ್ಟೂ ಬೋಲ್ಟ್ ಸುಲಭವಾಗಿ ತಿರುಗುತ್ತದಲ್ಲ, ಅದೇ ಲೆಕ್ಕ. ಅದಕ್ಕೆ ಹಿಂದಿನ ಅಂಚಿನಲ್ಲಿ ಸಣ್ಣ ತುಟಿಯಂತೆ ಎದ್ದಿರುವ ಪ್ಲೇಟನ್ನೇ ತಂದೆವು. ಆ ತುಟಿ ಕ್ಯಾಮೆರಾದ ಬೆನ್ನಿಗೆ ಒತ್ತಿ ನಿಲ್ಲುವುದರಿಂದ ಪ್ಲೇಟ್ ತಿರುಗುವುದಿಲ್ಲ. ಸ್ಕ್ರೂ ಬಿಗಿ ಮಾಡಿದ್ದು ಅಬ್ಬಾ, ಎಲ್ ಆಕಾರದ ಅಲೆನ್ ಕೀಯಿಂದ. ಇಷ್ಟಾದರೂ ಅಮ್ಮಿಗೆ ಸಮಾಧಾನವಿಲ್ಲ. ಅವರೇ ಗಟ್ಟಿ ದಾರ ಹೆಣೆದು, ಒಂದು ತುದಿಯನ್ನು ಕ್ಯಾಮೆರಾದ ಕಿವಿಗೂ ಇನ್ನೊಂದನ್ನು ಸ್ಲಿಂಗಿಗೂ ಕಟ್ಟುವಂತೆ ಮಾಡಿಕೊಟ್ಟರು. ಸ್ಕ್ರೂ ಕೈಕೊಟ್ಟರೂ ಕ್ಯಾಮೆರಾ ನೆಲ ಮುಟ್ಟದೆ ದಾರದಲ್ಲಿ ನಿಲ್ಲಬೇಕು. ಅಂಗಡಿಯಲ್ಲೂ ಇಂಥ ದಾರ ಸಿಗುತ್ತದೆ, ಆದರೆ ಅಮ್ಮಿಯದು ದಪ್ಪ.

ಸ್ಕ್ರೂ ಸಡಿಲವಾಗಿದೆಯೇ ಎಂದು ಕಣ್ಣಿನಲ್ಲೇ ತಿಳಿಯಲು ಒಂದು ಉಪಾಯವಿದೆ. ಬಿಗಿ ಮಾಡಿದ ಮೇಲೆ ಸ್ಕ್ರೂ ತಲೆಯಿಂದ ಪ್ಲೇಟಿನವರೆಗೆ ನೇಲ್ ಪಾಲಿಶಿನಿಂದ ಒಂದು ಗೆರೆ ಎಳೆಯಬೇಕು. ಸ್ಕ್ರೂ ಕೂದಲಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಯಂತ್ರಗಳ ಬೋಲ್ಟುಗಳಿಗೂ ಹೀಗೆ ಬಣ್ಣದ ಗೆರೆ ಎಳೆಯುತ್ತಾರೆ. ನಮ್ಮ ಮನೆಯಲ್ಲಿ ನೇಲ್ ಪಾಲಿಶ್ ಹಚ್ಚುವುದು ಕಡಿಮೆ, ವುಝೂಗೆ ಅಡ್ಡಿ ಎಂದು. ಯಾವುದೋ ಈದ್‌ಗೆ ಯಾರೋ ಕೊಟ್ಟ ಕೆಂಪು ಬಾಟಲಿ ಬೀರುವಿನಲ್ಲಿ ಒಣಗುತ್ತಿತ್ತು, ಅದಕ್ಕೊಂದು ಕೆಲಸ ಸಿಕ್ಕಿತು. ಈಗ ಮನೆಯಿಂದ ಹೊರಡುವ ಮೊದಲು ಗೆರೆ ನೋಡುವುದು ನನ್ನ ಪಾಲಿಗೆ ಬಂದಿದೆ.

ಎಲ್ಲವೂ ಸರಿಹೋಗಿದೆ ಎಂದೇನಲ್ಲ. ಫ್ಲ್ಯಾಶ್ ಹಾಕಿದ್ದಾಗ ಕ್ಯಾಮೆರಾ ನೇತಾಡಿದರೆ ಫ್ಲ್ಯಾಶಿನ ತಲೆ ಕೆಳಗಾಗಿ ಕುರ್ಚಿಗಳಿಗೆ ಬಡಿಯುತ್ತದೆ. ಊಟದ ಹಾಲ್‌ನಲ್ಲಿ ಆಪಾ ಒಂದು ಕೈಯಿಂದ ಅದನ್ನು ಹಿಡಿದುಕೊಂಡೇ ಓಡಾಡಬೇಕು. ಪ್ಲೇಟಿನ ಚೂಪಾದ ಮೂಲೆ ಬುರ್ಖಾದ ಬಟ್ಟೆಯನ್ನು ಎರಡು ಸಲ ಎಳೆದಿತ್ತು, ಅಬ್ಬಾ ಉಪ್ಪು ಕಾಗದದಿಂದ ಉಜ್ಜಿ ಕೊಟ್ಟರು.

ಹೊಸ ವ್ಯವಸ್ಥೆಯಲ್ಲಿ ಕ್ಯಾಮೆರಾವನ್ನು ಸೊಂಟದಿಂದ ಟ್ರೈಪಾಡಿಗೆ ಏರಿಸಲು ನಾನು ಅಳೆದಾಗ ಎಂಟು ಸೆಕೆಂಡ್ ಆಯಿತು. ಅದಾದ ಮೇಲಿನ ಮೊದಲ ನಿಕಾಹಿನಲ್ಲಿ ಹುಡುಗಿಯ ಅಣ್ಣ ದಮ್ಮಾಮ್‌ನಲ್ಲಿದ್ದರು, ರಜೆ ಸಿಕ್ಕಿರಲಿಲ್ಲ. ವಕೀಲರು ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟರು. ಆಪಾ ಕ್ಯಾಮೆರಾ ಕೂರಿಸಿ ಗುಂಡಿ ಒತ್ತಿ ಹಿಂದೆ ಸರಿದಾಗ ಅವರು ಇನ್ನೂ ಸಲಾಂ ಹೇಳುತ್ತಿದ್ದರು. ಹುಡುಗಿಯ ಹೂಂ ಬಹಳ ಮೆಲ್ಲಗೆ ಬಂತು, ಆದರೂ ವಿಡಿಯೊದಲ್ಲಿ ಕೇಳುತ್ತದೆ. ಮಾರನೆಯ ದಿನ ಅವಳ ತಾಯಿ ಆಪಾ ಮನೆಗೇ ಬಂದು, ಉಳಿದ ಆಲ್ಬಂ ಯಾವಾಗಲಾದರೂ ಕೊಡಿ, ಆ ಮೂರು ನಿಮಿಷ ಮಾತ್ರ ಇವತ್ತೇ ಮಗನಿಗೆ ಕಳಿಸಬೇಕು ಎಂದು ಕೂತರು. ನಾನು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಆ ಭಾಗವನ್ನು ಅವರ ಮೊಬೈಲಿಗೆ ಹಾಕಿಕೊಟ್ಟೆ. ಅವರು ಅಲ್ಲೇ ಕೂತು ಎರಡು ಸಲ ನೋಡಿದರು. ಮುಂದಿನ ತಿಂಗಳು ಅವರ ತಂಗಿಯ ಮಗಳ ಮಂಗ್ನಿ ಇದೆಯಂತೆ, ಅಡ್ವಾನ್ಸ್ ಕೊಟ್ಟು ಹೋದರು.